ಮೈಲುತುತ್ತಿನ ಗೋಡೆ

ಸೊಸೆಯ ಕೋಣೆಯಲ್ಲಿ ಮಂಚ ಸರಿಸಿ ಕಸ ಗುಡಿಸುತ್ತಿದ್ದೆ. ಫ್ಯಾನಿನ ಗಾಳಿಗೆ ಗೋಡೆಯ ಕ್ಯಾಲೆಂಡರ್ ಎದ್ದಿತು. ಅದರ ಹಿಂದೆ ಬಣ್ಣವೇ ಇರಲಿಲ್ಲ. ಅಂಗೈಯಗಲ ಜಾಗದಲ್ಲಿ ಸುಣ್ಣವನ್ನು ಕೆರೆದು ತೆಗೆದಿದ್ದರಿಂದ ಒಳಗಿನ ಗಾರೆ ಕಾಣುತ್ತಿತ್ತು. ಅಂಚಿನಲ್ಲೆಲ್ಲ ಉಗುರಿನ ಗೀರು.

ಇಲಿಯ ಕೆಲಸವಲ್ಲ ಅದು. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಯಾಕೆಂದರೆ ಮಗ ಕನಕರಾಜ ಹೊಟ್ಟೆಯಲ್ಲಿದ್ದಾಗ ನಾನೂ ಇದೇ ಕೆಲಸ ಮಾಡಿದ್ದೆ. ಬಸುರಿಯರಲ್ಲಿ ಕೆಲವರಿಗೆ ಹುಣಸೆಹಣ್ಣು ಬೇಕು, ಕೆಲವರಿಗೆ ಸುಣ್ಣದ ಗೋಡೆ ಬೇಕು. ಆ ವಾಸನೆಗೆ ಬಾಯಲ್ಲಿ ನೀರೂರುವ ಸಂಕಟ ಅನುಭವಿಸಿದವರಿಗೇ ಗೊತ್ತು. ನಾಚಿಕೆಯ ಮಾತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಬರೀ ಸುಣ್ಣವಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆನೇನೋ. ಆದರೆ ಆ ಸುಣ್ಣಕ್ಕೆ ನಾನು ಮೈಲುತುತ್ತಿನ ವಿಷ ಕಲಸಿದ್ದೆ. ಕೈಯಾರೆ ಕಲಸಿದ್ದೆ, ಒಬ್ಬರಿಗೂ ಹೇಳದೆ. ಸೊಸೆ ಸುಮಾಗೆ ಆಗ ಏಳು ತಿಂಗಳು.

ಅಲ್ಲೇ ಮಂಚದ ಮೇಲೆ ಕುಳಿತುಬಿಟ್ಟೆ.

ಇಪ್ಪತ್ತು ದಿನದ ಹಿಂದೆ ಸುಮಾ ಫೋನಿನಲ್ಲಿ ಯಾರದೋ ಮನೆಯ ಚಿತ್ರ ತೋರಿಸಿದ್ದಳು. ಹಸಿರು ಎಂದರೆ ಹಸಿರಲ್ಲ, ನೀಲಿ ಎಂದರೆ ನೀಲಿಯಲ್ಲ, ಅಂಥ ಗೋಡೆ.

"ಸೀ ಗ್ರೀನ್ ಅಂತಾರೆ ಅತ್ತೆ. ಕೂಸಿನ ರೂಮಿಗೆ ಇದನ್ನ ಹೊಡ್ಸಾಣ. ನೋಡಿದ್ರೇನೇ ತಂಪಾಗ್ತೈತೆ."

ಕನಕರಾಜ ಮಾರನೆಯ ದಿನವೇ ದುರ್ಗದ ಪೇಟೆಯಿಂದ ಪೇಂಟಿನ ಡಬ್ಬಿ ತರಲು ಹೊರಟಿದ್ದ. ತಡೆದವಳು ನಾನೇ. ಬಸುರಿ ಹೆಂಗಸು ಮಲಗುವ ಕೋಣೆಗೆ ಪೇಂಟಿನ ವಾಸನೆ ಆಗಬಾರದು ಎಂದೆ. ಅದು ನಿಜ. ಅದರ ಹಿಂದೆ ಇನ್ನೊಂದು ನಿಜವೂ ಇತ್ತು. ಮದುವೆಯಾಗಿ ಬಂದಾಗಿನಿಂದ ಮದಕರಿಪುರದ ಈ ಮನೆಗೆ ಸುಣ್ಣ ಬಳಿದವಳು ನಾನು. ಫೋನಿನೊಳಗಿನ ಬಣ್ಣ ಈ ಏಕನಾಥಮ್ಮನ ಕೈಗೆ ಬರುವುದಿಲ್ಲವೇ ಎಂಬ ಜಂಬ.

ನೀಲಿ ಪುಡಿ ಹಾಕಿ ನೋಡಿದೆ, ಆಕಾಶದ ಬಣ್ಣ ಬಂತು. ಹಸಿರು ಬರಲಿಲ್ಲ. ಆಗ ಕುರಿ ಹಟ್ಟಿಯಲ್ಲಿದ್ದ ಮೈಲುತುತ್ತಿನ ಡಬ್ಬಿ ನೆನಪಾಯಿತು. ಮಳೆಗಾಲದಲ್ಲಿ ಕುರಿಗಳ ಗೊರಸು ಕೊಳೆತರೆ ಅದನ್ನೇ ನೀರಿಗೆ ಹಾಕಿ, ಆ ನೀರಲ್ಲಿ ನಡೆಸುತ್ತೇವೆ. ತಾಮ್ರ ಬೆರೆತ ನೀಲಿ ಹರಳು. ಬಿಸಿನೀರಲ್ಲಿ ಕರಗಿಸಿ ಸುಣ್ಣಕ್ಕೆ ಸುರಿದೆ ನೋಡಿ, ಫೋನಿನಲ್ಲಿದ್ದ ಬಣ್ಣವೇ ಎದ್ದು ಬಂತು! ಗೆದ್ದಲೂ ಹತ್ತುವುದಿಲ್ಲ, ಒಂದೇ ಏಟಿಗೆ ಎರಡು ಕೆಲಸ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಓಣಿಯ ಹೆಂಗಸರೆಲ್ಲ ಬಂದು ನೋಡಿ ಯಾವ ಕಂಪನಿಯ ಬಣ್ಣ ಎಂದು ಕೇಳಿದರು. "ನಂದೇ ಕಂಪನಿ" ಎಂದೆ.

ಅದು ವಿಷವೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ತೊಟ್ಟಿಯಲ್ಲಿ ಉಳಿದಿದ್ದ ಆ ನೀರನ್ನು ಎರಡು ಮರಿಗಳು ಕುಡಿದವು. ಬಾಯಲ್ಲಿ ನೊರೆ, ಹಿಂದೆ ಹಸಿರು ಭೇದಿ. ಹಲ್ಲು ಕಡಿಯುತ್ತಾ ಒದ್ದಾಡಿ, ಸಂಜೆಯೊಳಗೆ ನನ್ನ ಮಡಿಲಲ್ಲೇ ಸತ್ತವು. ಗೋಡೆಗೆ ಹಾಕಿದ್ದನ್ನು ಯಾರಾದರೂ ಬಾಯಿಗೆ ಹಾಕಿಕೊಳ್ಳುತ್ತಾರೆಯೇ ಎಂದುಕೊಂಡಿದ್ದೆ. ಎಲ್ಲರೂ ಹಾಗೆಂದುಕೊಳ್ಳಬಹುದು, ಗೋಡೆ ತಿಂದಿದ್ದ ನಾನು ಅಂದುಕೊಳ್ಳಬಾರದಿತ್ತು.

ಹತ್ತು ದಿನದಿಂದ ಸುಮಾಗೆ ವಾಂತಿ. ಏಳನೇ ತಿಂಗಳಲ್ಲೂ ಕೆಲವರಿಗೆ ಹಾಗಾಗುತ್ತದೆ ಎಂದು ಎಲ್ಲರಿಗೂ ಸಮಾಧಾನ ಹೇಳಿದವಳು ನಾನೇ. "ಬಾಯೆಲ್ಲ ತಾಮ್ರದ ಚೊಂಬು ನೆಕ್ಕಿದಂಗೆ ಆಗ್ತೈತೆ ಅತ್ತೆ" ಎಂದು ಅವಳು ಮೊನ್ನೆ ಅಂದಾಗ, ನೆಟ್ಟಗೆ ಬಾಯಿ ಮುಕ್ಕಳಿಸು ಎಂದು ಗದರಿದ್ದೆ.

ಹಿತ್ತಲ ಬಚ್ಚಲಿನಿಂದ ಓಕರಿಕೆಯ ಸದ್ದು ಬಂತು. ಓಡಿದೆ. ಸುಮಾ ಬಗ್ಗಿ ನಿಂತಿದ್ದಳು. ನನ್ನನ್ನು ಕಂಡವಳೇ ಗಡಿಬಿಡಿಯಿಂದ ಒಂದು ಚೆಂಬು ನೀರು ಸುರಿದಳು. ಸುರಿಯುವ ಮೊದಲೇ ಕಲ್ಲಿನ ಮೇಲಿದ್ದುದನ್ನು ನಾನು ನೋಡಿದ್ದೆ. ಆ ಹಸಿರು ಪಿತ್ತದ ಹಸಿರಲ್ಲ.

"ಏನ್ ತಿಂದೆ ಸುಮಾ?"

"ಏನಿಲ್ಲ ಅತ್ತೆ. ಬೆಳಿಗ್ಗೆ ರೊಟ್ಟಿ ಅಷ್ಟೆ."

ನೀನು ಗೋಡೆ ತಿಂದೆಯಾ ಎಂದು ಕೇಳಿದರೆ, ಗೋಡೆಯಲ್ಲಿ ಏನಿತ್ತು ಎಂದು ನಾನು ಹೇಳಬೇಕು. ಮಗನಿಗೆ ಹೇಳಬೇಕು. ಹೊಸದುರ್ಗದ ಬೀಗರಿಗೆ ಹೇಳಬೇಕು. ಪಕ್ಕದ ಮನೆಯ ಪುಟ್ಟಕ್ಕನ ಮಗಳು ಬೂದಿ ತಿನ್ನುತ್ತಾಳೆಂದು ಗೊತ್ತಾದಾಗ, "ಒಲೆ ಬೂದಿ ತೆಗೆಯೋ ಕೆಲಸ ಉಳೀತು ಬಿಡು" ಎಂದು ಬೀದಿಯಲ್ಲಿ ನಿಂತು ನಗಾಡಿದವಳು ನಾನು. ಅದಕ್ಕೆ ನಕ್ಕವರೆಲ್ಲ ಈಗ ನನ್ನ ಮನೆಯ ಮುಂದೆ ನಿಲ್ಲುತ್ತಾರೆ.

ಆಮೇಲೆ ನಾನು ಮಾಡಿದ್ದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಸೊಸೆಯನ್ನು ಅಲ್ಲೇ ಬಿಟ್ಟು ಹಟ್ಟಿಗೆ ಹೋದೆ. ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಹಿತ್ತಲ ಮೂಲೆಯಲ್ಲಿ ಗುಂಡಿ ತೋಡಿ ಹೂತುಹಾಕಿದೆ. ಸಂಜೆ ಬಿಳಿ ಸುಣ್ಣ ಕಲಸಿ ಗೋಡೆಗೆ ಬಳಿದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ನಾಲ್ಕು ದಿನಕ್ಕೆ ಅವಳೂ ಸರಿಹೋಗುತ್ತಾಳೆ ಎಂದು ಲೆಕ್ಕ ಹಾಕಿದೆ. ಸತ್ತ ಮರಿಗಳು ಕಣ್ಣ ಮುಂದೆ ಬಂದರೂ ಗುಂಡಿಯನ್ನು ಕಾಲಿನಿಂದ ತುಳಿದು ಮಟ್ಟ ಮಾಡಿದೆ.

ಕೈ ತೊಳೆದು ಒಳಗೆ ಬಂದರೆ ಸುಮಾ ನಡುಮನೆಯ ನೆಲದ ಮೇಲೆ ಮುದುಡಿ ಕುಳಿತಿದ್ದಳು. ಹಣೆಯ ತುಂಬ ಬೆವರು. ಎರಡೂ ಕೈ ಹೊಟ್ಟೆಯ ಮೇಲಿದ್ದವು.

"ಅತ್ತೆ, ಬೆಳಿಗ್ಗೆಯಿಂದ ಕೂಸು ಒದ್ದೇ ಇಲ್ಲ."

ಕನಕರಾಜ ಈರುಳ್ಳಿ ಲೋಡು ಹಾಕಿಕೊಂಡು ಹಿರಿಯೂರಿಗೆ ಹೋಗಿದ್ದ. ನನ್ನ ಗಂಡ ಕುರಿಗಳ ಹಿಂದೆ ಯಾವ ಗುಡ್ಡದ ಮೇಲಿದ್ದನೋ. ಬೀದಿಗೆ ಓಡಿ, ಎದುರುಮನೆಯ ಬೋರಪ್ಪನ ಆಟೋದ ಮುಂದೆ ನಿಂತು ಕೂಗಿಕೊಂಡೆ.

"ಬೋರಪ್ಪ, ದುರ್ಗಕ್ಕೆ ಹೋಗಾಣ ನಡಿಯಪ್ಪ. ನನ್ನ ಸೊಸೆ ಸಾಯ್ತಾಳೆ, ನಡಿ!"

ದಾರಿಯುದ್ದಕ್ಕೂ ಸುಮಾಳ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕುಳಿತಿದ್ದೆ. ಆಟೋ ಗುಂಡಿಗೆ ಬಿದ್ದಾಗಲೆಲ್ಲ ಒದೆಯಿತೇ ಎಂದು ಉಸಿರು ಹಿಡಿಯುತ್ತಿದ್ದೆ. ಒದೆಯುತ್ತಿರಲಿಲ್ಲ. ಕುಲದ ದೇವರನ್ನೆಲ್ಲ ಕರೆದೆ. ಮೈಲುತುತ್ತು ಎಂಬ ಒಂದು ಮಾತು ಮಾತ್ರ ನಾಲಿಗೆಗೆ ಬರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವರು. ಸುಮಾಳ ಕಣ್ಣು, ನಾಲಿಗೆ ನೋಡಿ, ಏನು ತಿಂದಿರಿ ಎಂದು ಕೇಳಿದರು. ಸುಮಾ ನನ್ನ ಮುಖ ನೋಡಿದಳು. ತಲೆ ತಗ್ಗಿಸಿ, "ರೊಟ್ಟಿ" ಎಂದಳು.

"ಬೇರೆ ಏನಾದ್ರೂ? ಹೊರಗಿಂದು?"

"ಇಲ್ಲ."

ಡಾಕ್ಟ್ರಮ್ಮ ಚೀಟಿಯ ಮೇಲೆ ಬರೆಯತೊಡಗಿದರು. ಬರೆದು ನರ್ಸಿನ ಕೈಗೆ ಕೊಟ್ಟರೆ ಮುಗಿಯಿತು, ವಾಂತಿಗೆ ಒಂದು ಸೂಜಿ ಚುಚ್ಚಿ ಮನೆಗೆ ಕಳಿಸುತ್ತಾರೆ. ಮರಿಗಳು ಹಲ್ಲು ಕಡಿದ ಸದ್ದು ಕಿವಿಯಲ್ಲಿ ಕೇಳಿದಂತಾಯಿತು.

"ಡಾಕ್ಟ್ರಮ್ಮ, ಬರೀಬ್ಯಾಡ್ರಿ!" ನನ್ನ ದನಿಗೆ ಆ ಕೋಣೆಯಲ್ಲಿದ್ದವರೆಲ್ಲ ತಿರುಗಿದರು. "ಅವಳು ಗೋಡೆ ತಿಂದಾಳೆ. ಆ ಗೋಡೆಗೆ ಮೈಲುತುತ್ತು ಹಾಕಿದ್ದು ನಾನು."

ಡಾಕ್ಟ್ರಮ್ಮನ ಪೆನ್ನು ನಿಂತಿತು. "ಎಷ್ಟು ತಿಂದಿದೀರಿ? ಎಷ್ಟು ದಿನದಿಂದ?"

ಸುಮಾ ಬಿಳುಚಿಕೊಂಡಳು. ಇಲ್ಲ ಇಲ್ಲ ಎಂದು ತಲೆಯಾಡಿಸಿದಳು. ಅವಳ ಪಕ್ಕ ಕುಳಿತೆ.

"ಹೇಳವ್ವ. ನಾನೂ ತಿಂದೀನಿ. ಕನಕ ಹೊಟ್ಟೆಯಾಗಿದ್ದಾಗ, ನಮ್ಮತ್ತೆ ನಿದ್ದೆ ಹೋದ್ಮೇಲೆ, ಕದ್ದು ತಿಂತಿದ್ದೆ. ಹೇಳು."

ಆಗ ಅವಳು ಅಳುತ್ತಾ ಹೇಳಿದಳು. ದಿನಾ ಮಧ್ಯಾಹ್ನ ಒಂದು ಚಿಟಿಕೆ. ಎರಡು ದಿನದಿಂದ ಆಸೆ ಜಾಸ್ತಿಯಾಗಿ ಎರಡು, ಮೂರು. ಇವತ್ತು ಬೆಳಿಗ್ಗೆಯೂ ತಿಂದಿದ್ದಳು.

ಹೊಟ್ಟೆಯ ಮೇಲೆ ಮೆಷಿನ್ ಇಟ್ಟರು. ಮೊದಲು ಬರೀ ಗರಗರ. ಡಾಕ್ಟ್ರಮ್ಮ ಅದನ್ನು ಎಡಕ್ಕೆ ಸರಿಸಿದರು, ಕೆಳಕ್ಕೆ ಸರಿಸಿದರು. ಅವರ ಹುಬ್ಬು ಗಂಟಿಕ್ಕಿದ್ದನ್ನು ನೋಡಿ, ದೇವರೇ, ಬೇಕಾದರೆ ನನ್ನನ್ನು ಕರೆದುಕೋ ಎಂದೆ. ಬಾಯಿಮಾತಿಗಲ್ಲ, ನಿಜವಾಗಿಯೂ ಎಂದೆ. ಆಮೇಲೆ ಗರಗರದೊಳಗಿಂದ ಟಕಟಕ ಎಂಬ ಸದ್ದು ಬಂತು. ಹೋಯಿತು, ಮತ್ತೆ ಬಂತು. ಈ ಸಲ ನಿಲ್ಲದೆ ಕೇಳತೊಡಗಿತು.

"ಕೂಸಿನ ಎದೆ ಬಡೀತಿದೆ" ಎಂದರು ಡಾಕ್ಟ್ರಮ್ಮ. "ಆದ್ರೆ ಗಂಡಾಂತರ ಕಳೀತು ಅಂತ ನಾನು ಹೇಳಲ್ಲ. ರಕ್ತ ಪರೀಕ್ಷೆ ಆಗ್ಬೇಕು, ಲಿವರ್ರು ಕಿಡ್ನಿ ನೋಡ್ಬೇಕು. ಎರಡು ದಿನ ಇಲ್ಲೇ ಇರ್ಲಿ. ನೀವು ಈಗ ಹೇಳದೆ ಇದ್ದಿದ್ರೆ ನಾನು ಗ್ಯಾಸ್ಟ್ರಿಕ್ ಅಂತ ಮನೆಗೆ ಕಳಿಸಿಬಿಡ್ತಿದ್ದೆ."

ವಾರ್ಡಿನಲ್ಲಿ ಅವಳ ಕೈಗೆ ಡ್ರಿಪ್ ಹಾಕಿದರು. ನಾನು ಸ್ಟೂಲಿನ ಮೇಲೆ ಕುಳಿತೆ. ಭಯ ಇನ್ನೂ ಇಳಿದಿರಲಿಲ್ಲ. ನನಗೆ ಭಯವಾದಾಗ ಸಿಟ್ಟು ಬರುತ್ತದೆ, ಅದು ಹುಟ್ಟುಗುಣ.

"ಬಾಯೆಲ್ಲ ತಾಮ್ರ ಆತು, ವಾಂತಿ ಬಂತು. ಆದ್ರೂ ಯಾಕೆ ತಿಂದೆಯೇ? ಒಂದು ಮಾತು ಹೇಳಾಕೆ ಏನಾಗಿತ್ತು ನಿಂಗೆ?"

"ಬಣ್ಣ ಹೊಡೆಯೋಕೆ ಮುಂಚೆಯಿಂದ್ಲೂ ತಿಂತಿದ್ದೆ ಅತ್ತೆ. ಪೇಂಟ್ ಬ್ಯಾಡ, ನಾನೇ ಬಳೀತೀನಿ ಅಂದ್ರಲ್ಲ, ಆಗ ನಿಮಗೆ ಗೊತ್ತಾಗೈತೆ ಅನ್ಕಂಡೆ. ಕೆರೆದ್ರೆ ಎದ್ದು ಕಾಣ್ಲಿ, ನನ್ನ ಹಿಡೀಬೇಕು ಅಂತ್ಲೇ ಬಣ್ಣ ಹಾಕ್ತಿದ್ದೀರಿ ಅನ್ಕಂಡೆ. ಅದಕ್ಕೇ ಕ್ಯಾಲೆಂಡರ್ ಹಿಂದೆ ಕೆರೀತಿದ್ದೆ."

"ಅಯ್ಯೋ ನಿನ್ನ. ಇವತ್ತು ಪ್ರಾಣ ಹೋಗೋ ಹಂಗಾದಾಗ್ಲಾದ್ರೂ ಹೇಳಬೇಕಿತ್ತಲ್ಲೇ?"

"ಸಾಯ್ತೀನಿ ಅಂತ ಅನ್ನಿಸ್ತು ಅತ್ತೆ. ಕೂಸೂ ಉಳಿಯಲ್ಲ ಅನ್ನಿಸ್ತು. ಆದ್ರೆ ನಿಮಗೆ ಹೇಳೋದಕ್ಕೆ ಅದಕ್ಕಿಂತ ಹೆದರಿಕೆ ಆತು."

ಅವಳ ಗಲ್ಲದ ಮೇಲೆ ವಾಂತಿಯ ಕಲೆ ಒಣಗಿತ್ತು. ಒರೆಸೋಣವೆಂದು ಒದ್ದೆ ಬಟ್ಟೆ ಹಿಡಿದು ಕೈ ಎತ್ತಿದೆ. ಸುಮಾ ಗಕ್ಕನೆ ಕಣ್ಣು ಮುಚ್ಚಿ, ಮುಖವನ್ನು ಆಚೆ ತಿರುಗಿಸಿ, ಡ್ರಿಪ್ ಹಾಕಿದ್ದ ಕೈಯನ್ನೇ ಹೊಟ್ಟೆಗೆ ಅಡ್ಡ ಹಿಡಿದಳು. ಮದುವೆಯಾಗಿ ಎರಡು ವರ್ಷ, ಅವಳ ಮೇಲೆ ಒಂದು ದಿನವೂ ನಾನು ಕೈ ಮಾಡಿದವಳಲ್ಲ. ಕೈ ಮಾಡುವ ಅಗತ್ಯವೇ ಬಿದ್ದಿರಲಿಲ್ಲ, ನನ್ನ ಬಾಯೇ ಸಾಕಾಗಿತ್ತು.

ಬಟ್ಟೆಯನ್ನು ಅವಳ ಕೈಗೆ ಎಟುಕುವ ಹಾಗೆ ಹಾಸಿಗೆಯ ಮೇಲೆ ಇಟ್ಟೆ. ಸ್ಟೂಲನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಅವಳು ಕಣ್ಣು ಬಿಡುವವರೆಗೆ ಬಾಯಿ ಮುಚ್ಚಿಕೊಂಡು ಕುಳಿತೆ.