ಪ್ಯಾಸೆಂಜರ್ ಎಂಜಿನ್ನಿನ ಒಬ್ಬಳೇ ಪ್ಯಾಸೆಂಜರ್

ಹೆಸರಿಗೆ ಅದು ‘ಪ್ರಾಯೋಗಿಕ ಪ್ರಯಾಣಿಕ ಡೀಸೆಲ್ ಎಂಜಿನ್’. ಪ್ರಯೋಗ ಬೇಕಾದಷ್ಟು ಆಗಿತ್ತು, ಡೀಸೆಲ್ಲನ್ನೂ ಹೊಟ್ಟೆ ತುಂಬ ಕುಡಿದಿತ್ತು. ಪ್ರಯಾಣಿಕ ಅನ್ನುವ ಪ್ರಾಣಿಯನ್ನು ಮಾತ್ರ ಅದು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಓಕಾ ನದಿ ದಂಡೆಯ ನಮ್ಮೂರಿನ ಕಾರ್ಖಾನೆಯಲ್ಲಿ ಅದರ ಚಕ್ರಗಳಿಗೂ ಹಿಂದಿನ ಬೋಗಿಗೂ ಸ್ಪ್ರಿಂಗ್ ಕೂಡಿಸಿದವನು ವೆನಿಯಮಿನ್ ತೀಖೊನೊವಿಚ್. ಕೆಲಸಕ್ಕೆ ಸೇರಿದಾಗ ತಲೆತುಂಬ ಗುಂಗುರು ಕೂದಲಿತ್ತು, ಈಗ ಕಿವಿಯ ಪಕ್ಕದಲ್ಲಿ ನಾಲ್ಕೆಳೆ ಉಳಿದಿವೆ. ಅವನ ಆಸೆ ಒಂದೇ. ಎಂಜಿನ್ ಎಷ್ಟೇ ಜೋರಾಗಿ ಓಡಲಿ, ಹಿಂದೆ ಕೂತ ಯಾವುದೋ ಮುದುಕಿಯ ಗ್ಲಾಸಿನಿಂದ ಚಹಾ ತುಳುಕಬಾರದು. ಆ ಮುದುಕಿ ಯಾರು, ಏನು ಅಂತ ಅವನಿಗೂ ಗೊತ್ತಿರಲಿಲ್ಲ. ಆದರೂ ಸ್ಪ್ರಿಂಗ್ ತಿದ್ದುವಾಗೆಲ್ಲ ಅವಳೇ ಕಣ್ಣ ಮುಂದೆ ಬರುತ್ತಿದ್ದಳು.

ಆದರೆ ಮುದುಕಿ ಹತ್ತಬೇಕಲ್ಲ! ಮೊದಲ ಪರೀಕ್ಷೆಗೆ ಬೋಗಿಯ ಸೀಟುಗಳಲ್ಲಿ ಮರಳಿನ ಮೂಟೆ ಕೂರಿಸಿದರು. ರಾಜಧಾನಿಯಿಂದ ಬಂದ ದೊಡ್ಡ ಮನುಷ್ಯರೊಬ್ಬರು ನೋಡಿ, ಎಂಜಿನ್ನಿನ ಮೂತಿ ಇನ್ನಷ್ಟು ಚೂಪಾಗಲಿ ಎಂದರು. ಚೂಪು ಮಾಡುವಷ್ಟರಲ್ಲಿ ಅವರು ಬದಲಾಗಿ, ಹೊಸಬರು ಬಂದು, ಇದೇನ್ರೀ ಹದ್ದಿನ ಮೂತಿ, ಮೊಂಡು ಮಾಡಿ ಎಂದರು. ಇನ್ನೊಂದು ಪರೀಕ್ಷೆಯಲ್ಲಿ ಎಂಜಿನ್ ಹೋದ ರಭಸಕ್ಕೆ ಹಳಿಪಕ್ಕದ ಬಾತುಕೋಳಿಗಳೆಲ್ಲ ಗಾಬರಿಬಿದ್ದು ಮೊಟ್ಟೆ ಇಡುವುದನ್ನೇ ನಿಲ್ಲಿಸಿದವು. ಆ ತಕರಾರು ತೀರಲು ಒಂದು ಚಳಿಗಾಲ ಬೇಕಾಯಿತು. ಅಷ್ಟರಲ್ಲಿ ಎಂಜಿನ್ ಬೇಕು ಎಂದಿದ್ದ ಇಲಾಖೆ ಹೋಯಿತು, ಅದರ ಹಿಂದೆಯೇ ಆ ಇಲಾಖೆ ಇದ್ದ ದೇಶವೂ ಹೋಯಿತು. ಎಂಜಿನ್ ಮಾತ್ರ ಶೆಡ್ಡಿನಲ್ಲಿ ಮಿರಮಿರ ಮಿಂಚುತ್ತ ನಿಂತಿತ್ತು.

ಮನೆಯಲ್ಲಿ ಅತ್ತೆ ಪೆಲಗೇಯಾ ಇದ್ದಳಲ್ಲ, ಅವಳ ಬಾಯಿಗೆ ಇದಕ್ಕಿಂತ ಒಳ್ಳೆ ಮೇವು ಬೇಕೇ?

“ಏನು ಅಳಿಯಪ್ಪಾ, ಇವತ್ತು ಎಷ್ಟು ಜನ ಹತ್ತಿದ್ರು ನಿನ್ನ ಪ್ಯಾಸೆಂಜರ್ ಎಂಜಿನ್ನಿಗೆ?” ಎಂದು ಸೂಪು ಬಡಿಸುತ್ತ ಕೇಳುವಳು.

“ಇನ್ನೂ ಪರೀಕ್ಷೆ ನಡೀತಿದೆ, ಅತ್ತೆ.”

“ನಡೀಲಿ, ನಡೀಲಿ. ನಮ್ಮ ಬೆಕ್ಕಿಗೂ ಇಲಿ ಹಿಡಿಯೋ ಪರೀಕ್ಷೆ ನಡೀತಾನೇ ಇದೆ.”

ಒಂದು ದಿನ ವೆನಿಯಮಿನ್‌ಗೂ ರೇಗಿತು. “ನೀವ್ಯಾವ ಸೀಮೆ ಪ್ಯಾಸೆಂಜರ್ರು? ಜನ್ಮದಲ್ಲಿ ಒಂದು ಟಿಕೆಟ್ ತಗೊಂಡಿದೀರಾ?” ಎಂದುಬಿಟ್ಟ.

ಅದು ನಿಜ. ಟಿಕೆಟ್ ಇಲ್ಲದೆ ರೈಲು ಹತ್ತುವವರನ್ನು ನಮ್ಮಲ್ಲಿ ಮೊಲ ಎನ್ನುತ್ತಾರೆ. ಪೆಲಗೇಯಾ ಮೊಲಗಳ ಮಹಾರಾಣಿ. ಊರಾಚೆಯ ದಾಚಾ ತೋಟಕ್ಕೆ ಹೋಗುವ ಲೋಕಲ್ ರೈಲಿನಲ್ಲಿ ಸೀಟಿನ ಕೆಳಗೆ ಅಡಗಿದ್ದಳು, ಟಿಕೆಟ್ ಕೇಳಿದರೆ ಕಿವುಡಿಯಾಗಿದ್ದಳು, ಒಮ್ಮೆ ಸತ್ತಂತೆ ಎಷ್ಟು ಚೆನ್ನಾಗಿ ಒರಗಿದ್ದಳೆಂದರೆ ಎದುರಿಗಿದ್ದ ಗಂಡಸರು ಟೋಪಿ ತೆಗೆದು ಎದ್ದು ನಿಂತಿದ್ದರು. ಆ ಮಾರ್ಗದ ಟಿಸಿ ತೈಸಿಯಾ ಅವಳನ್ನು ಹಿಡಿಯಲು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಆದರೂ ಪೆಲಗೇಯಾ ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ. ಅವಳ ಪಾಲಿಗೆ ಅದು ಎದೆ ಮೇಲೆ ತಗುಲಿಸಿಕೊಳ್ಳದ ಪದಕ.

“ಓಹೋ, ಹಂಗೋ?” ಎಂದು ಅವಳು ಸೌಟು ಎತ್ತಿದಳು. “ನಿನ್ನ ಎಂಜಿನ್ನಿಗೆ ಒಬ್ಬನೇ ಒಬ್ಬ ಪ್ಯಾಸೆಂಜರ್ ಸಿಗಲಿ. ಅವತ್ತಿಂದ ನಾನು ಟಿಕೆಟ್ ತಗೊಂಡೇ ಓಡಾಡ್ತೀನಿ. ಈ ಬ್ರೆಡ್ಡಿನ ಮೇಲಾಣೆ!”

ಆ ವಸಂತದಲ್ಲಿ ತೀರ್ಮಾನ ಬಂತು: ಎಂಜಿನ್ ಕೊನೆಯದೊಂದು ವೇಗದ ಓಟ ಓಡಿ, ಹಳಿ ಮುಗಿಯುವಲ್ಲಿರುವ ರೈಲು ಮ್ಯೂಸಿಯಂ ಸೇರಬೇಕು. ವೆನಿಯಮಿನ್ ಅದನ್ನೂ ನುಂಗಿಕೊಂಡ. ನುಂಗಲಾಗದ್ದು ಕ್ರುಗ್ಲಿಕೋವ್ ಹೇಳಿದ ಮಾತು. ಎಂಜಿನ್ನನ್ನು ಮ್ಯೂಸಿಯಂಗೆ ಒಪ್ಪಿಸುವ ಸಮಿತಿಗೆ ಈತನೇ ಯಜಮಾನ. ಗುಂಡು ಮುಖ, ಗುಂಡು ಕನ್ನಡಕ.

“ಬೋರ್ಡಿನಲ್ಲಿ ‘ಪ್ರಯಾಣಿಕ’ ಅನ್ನೋ ಪದ ತೆಗೆದುಬಿಡೋಣ, ವೆನಿಯಮಿನ್ ತೀಖೊನೊವಿಚ್. ಮ್ಯೂಸಿಯಂನಲ್ಲಿ ಸುಳ್ಳು ಬರೆಯೋ ಹಾಗಿಲ್ಲ. ಒಬ್ಬ ಪ್ರಯಾಣಿಕನನ್ನಾದ್ರೂ ಒಯ್ದಿದ್ಯಾ ಇದು?”

“ಪ್ರಯಾಣಿಕರಿಗೋಸ್ಕರ ತಾನೇ ಮಾಡಿದ್ದು!”

“ಒಯ್ದಿದ್ಯಾ, ಇಲ್ವಾ?”

ವೆನಿಯಮಿನ್ ಟೋಪಿ ಎತ್ತಿಕೊಂಡು ಹೊರಟ. ಮನೆಗೆ ಬಂದು, ಊಟ ಬೇಡ ಎಂದು ಗೋಡೆ ಕಡೆ ಮುಖ ಮಾಡಿ ಮಲಗಿದ. ಆ ಒಂದು ಪದ ಹೋದರೆ ಅವನು ಇಷ್ಟು ವರ್ಷ ಮರಳಿನ ಮೂಟೆಗಳ ಸುಖಕ್ಕಾಗಿ ದುಡಿದಂತಾಗುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತು ನೋಡಿದವಳು, ಅದೇನನ್ನಿಸಿತೋ, ಅವನ ಪಾಲಿನ ಸೂಪನ್ನು ಒಲೆಯ ಮೇಲೆ ಬೆಚ್ಚಗಿಟ್ಟಳು.

ಕೊನೆಯ ಓಟಕ್ಕೆ ಮೇ ತಿಂಗಳ ಒಂದು ಶನಿವಾರ ಗೊತ್ತಾಯಿತು. ಹಳಿ ಖಾಲಿ ಇರಲೆಂದು ಅವತ್ತಿನ ಲೋಕಲ್ ರೈಲುಗಳನ್ನೆಲ್ಲ ಅರ್ಧ ದಾರಿಯಲ್ಲೇ ನಿಲ್ಲಿಸಿ ವಾಪಸು ಕಳಿಸುವುದೆಂದಾಯಿತು. ಎಂಥ ತಲೆಗಳು ನೋಡಿ! ಎಲ್ಲ ಓದಿಕೊಂಡವರೇ, ಎಲ್ಲರ ಮನೆಯಲ್ಲೂ ಅತ್ತೆ ಇದ್ದಾಳೆ, ಎಲ್ಲರ ಕಿಟಕಿಯಲ್ಲೂ ಹಾಲಿನ ಡಬ್ಬಗಳಲ್ಲಿ ಟೊಮೆಟೊ ಸಸಿ ಬೆಳೆದು ನಿಂತಿದೆ. ಆದರೂ ಅದು ಸಸಿ ಶನಿವಾರ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಊರಿನ ಹೆಂಗಸರೆಲ್ಲ ಸಸಿ ಹೊತ್ತು ದಾಚಾ ತೋಟಕ್ಕೆ ಹೊರಡುವ ದಿನವದು. ಅವತ್ತು ಅವರ ದಾರಿಗೆ ಅಡ್ಡ ಬರಲು ಪುಂಡರೂ ಹೆದರುತ್ತಾರೆ.

ಬೆಳಿಗ್ಗೆ ಎಂಜಿನ್ನಿನಲ್ಲಿ ಎಲ್ಲರೂ ಪದ್ಧತಿಯಂತೆ ಹೊರಡುವ ಮುಂಚೆ ಒಂದು ಗಳಿಗೆ ಸುಮ್ಮನೆ ಕೂತರು. ಕ್ರುಗ್ಲಿಕೋವ್‌ಗೆ ಜಾಗ ಸಿಗದೆ ಬೆಂಕಿ ಆರಿಸುವ ಮರಳಿನ ಬಕೆಟ್ಟಿನ ಮೇಲೆ ಕೂತ. ಹಳೇ ಡ್ರೈವರ್ ಮಿತ್ರೋಫಾನ್ “ದೇವ್ರೇ, ನಡೆಸಪ್ಪ” ಎಂದು ಎದ್ದ. ಹಿಂದೆ ಅಳತೆಯ ಯಂತ್ರಗಳಿದ್ದ ಒಂದೇ ಒಂದು ಬೋಗಿ. ಎಂಜಿನ್ ಗುಡುಗಿ ಹೊರಟಿತು.

‘ಎಪ್ಪತ್ತೆರಡನೇ ಕಿಲೋಮೀಟರ್’ ಎಂಬ ಬಡಪಾಯಿ ನಿಲ್ದಾಣದ ಹತ್ತಿರ ಇನ್ನೇನು ವೇಗ ಹಿಡಿಯಬೇಕು, ಮಿತ್ರೋಫಾನ್ ಕಣ್ಣು ಕಿರಿದು ಮಾಡಿದ. ಪ್ಲಾಟ್‌ಫಾರ್ಮ್ ತುಂಬ ಹೆಂಗಸರು. ಎಲ್ಲರೂ ತಲೆವಸ್ತ್ರ ಬಿಚ್ಚಿ ಕೈಯಲ್ಲಿ ಗರಗರ ತಿರುಗಿಸುತ್ತಿದ್ದಾರೆ! ಯಾರೇ ಆಗಲಿ, ಯಾವ ವಸ್ತುವನ್ನೇ ಆಗಲಿ, ಹಳಿಪಕ್ಕ ನಿಂತು ಸುತ್ತ ತಿರುಗಿಸಿದರೆ ರೈಲು ನಿಲ್ಲಲೇಬೇಕು. ಅದು ನಮ್ಮ ರೈಲ್ವೆಯವರ ಮೊದಲ ಪಾಠ. ಮಿತ್ರೋಫಾನ್ ಒಂದೇ ಏಟಿಗೆ ಬ್ರೇಕ್ ಎಳೆದ. ಕ್ರುಗ್ಲಿಕೋವ್ ಬಕೆಟ್ಟಿನ ಸಮೇತ ಮುಂದಕ್ಕೆ ಜಾರಿದ. ಎಂಜಿನ್ ಕಿರುಚಾಡುತ್ತ ನಿಲ್ದಾಣ ದಾಟಿ, ಬೀಟ್‌ರೂಟ್ ಹೊಲದ ಪಕ್ಕ ನಿಂತಿತು.

ಹೆಂಗಸರು ಸಸಿಯ ಡಬ್ಬ ಎದೆಗವುಚಿಕೊಂಡು ಓಡೋಡಿ ಬಂದರು. ಎಲ್ಲರಿಗಿಂತ ಮುಂದೆ ಪೆಲಗೇಯಾ.

“ಏನಾಯ್ತು? ಹಳಿ ಮುರಿದಿದ್ಯಾ?” ಎಂದು ವೆನಿಯಮಿನ್ ಕಿಟಕಿಯಿಂದ ಕೂಗಿದ.

“ಹಳಿಗೇನಾಗಿದೆ ದಾಡಿ? ಗುಂಡುಕಲ್ಲು ಹಂಗಿದೆ.”

“ಮತ್ಯಾಕೆ ಬಟ್ಟೆ ತಿರುಗಿಸಿದ್ರಿ?”

“ಸೊಳ್ಳೆ ಕಣೋ, ಸೊಳ್ಳೆ! ಜೌಗು ಪಕ್ಕ ನಮ್ಮನ್ನ ಇಳಿಸಿ, ಲೋಕಲ್ ವಾಪಸ್ ಹೋಯ್ತು. ಯಾವನೋ ಕತ್ತೆ ಎಂಜಿನ್ ಬಿಡ್ತಾನಂತೆ, ಅದಕ್ಕೆ ದಾರಿ ಬಿಡಬೇಕಂತೆ... ಅಯ್ಯೋ, ನೀನೇನಾ ಆ ಕತ್ತೆ?”

ಕ್ರುಗ್ಲಿಕೋವ್ ಓಡಿ ಬಂದು ಬೋಗಿಯ ಬಾಗಿಲಿಗೆ ಅಡ್ಡ ನಿಂತ. “ಯಾರೂ ಹತ್ತೋ ಹಾಗಿಲ್ಲ! ಇದು ಪರೀಕ್ಷೆಯ ಗಾಡಿ!”

“ಪರೀಕ್ಷೆ ಮಾಡ್ಕೋ, ಯಾರು ಬೇಡ ಅಂದ್ರು? ಈ ಡಬ್ಬ ಹಿಡ್ಕೋ, ಅಲ್ಲಾಡಿಸ್ಬೇಡ” ಎಂದಳು ಪೆಲಗೇಯಾ. ಅವನ ಕೈಗೆ ಒಂದು ಡಬ್ಬ ಬಂತು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಕೈ ತುಂಬಿದ ಮನುಷ್ಯ ಬಾಗಿಲು ಹೇಗೆ ಕಾಯಬೇಕು? ಗಳಿಗೆಯಲ್ಲಿ ಬೋಗಿ ಭರ್ತಿ. ವೇಗ ತೋರಿಸುವ ಮುಳ್ಳಿನ ಪಕ್ಕ ಟೊಮೆಟೊ, ಅಳತೆಯ ಯಂತ್ರದ ಮೇಲೆ ಬದನೆ ಸಸಿ. ಕೊನೆಗೆ ಹತ್ತಿದವಳು ಟಿಸಿ ತೈಸಿಯಾ. ಪಾಪ, ಅವಳೂ ಅಲ್ಲೇ ಸೊಳ್ಳೆಗಳಿಗೆ ಆಹಾರವಾಗಿ ನಿಂತಿದ್ದಳು.

ಇವರನ್ನು ಇಳಿಸುತ್ತ ಕೂತರೆ ಸಂಜೆಯಾಗುತ್ತದೆಂದು ಕ್ರುಗ್ಲಿಕೋವ್‌ಗೆ ಅರ್ಥವಾಯಿತು. ಹೊರಡಿ ಎಂದ. ಎಂಜಿನ್ ವೇಗ ಹಿಡಿಯಿತು, ಇನ್ನೂ ಹಿಡಿಯಿತು, ಹೊರಗಿನ ಬಿಳಿ ತೊಗಟೆಯ ಬರ್ಚ್ ಮರಗಳೆಲ್ಲ ಸೇರಿ ಒಂದೇ ಬಿಳಿ ಗೋಡೆಯಾದವು.

“ಅಯ್ಯಯ್ಯೋ, ನಮ್ಮ ದಾಚಾ ದಾಟಿ ಹೋಯ್ತು!” ಎಂದು ಒಬ್ಬಳು ಚೀರಿದಳು.

“ನಮ್ದೂ ಹೋಯ್ತಲ್ರೇ! ನಿಲ್ಸೋ ಮಿತ್ರೋಫಾನ್!”

“ಬಟ್ಟೆ ತಿರುಗ್ಸಿದ್ರೂ ಈಗ ನಿಲ್ಸಲ್ಲ ತಾಯಿ!” ಎಂದು ಮುಂದಿನಿಂದ ಉತ್ತರ ಬಂತು.

ಬೋಗಿಗೆ ಬಂದಿದ್ದ ವೆನಿಯಮಿನ್‌ಗೆ ಮಾತ್ರ ನೆಲಕ್ಕೆ ಕಾಲೇ ತಾಗುತ್ತಿರಲಿಲ್ಲ. “ನೋಡಿ, ಕ್ರುಗ್ಲಿಕೋವ್! ಎಣಿಸ್ಕೊಳ್ಳಿ! ಬೋಗಿ ತುಂಬ ಪ್ರಯಾಣಿಕರು!”

ಕ್ರುಗ್ಲಿಕೋವ್ ಕನ್ನಡಕ ಒರೆಸಿಕೊಂಡ. “ಟಿಕೆಟ್?”

“ನನ್ಹತ್ರ ಇದೆ!” ಎಂದು ಕೆಲವರು ಕೈ ಎತ್ತಿದರು.

“ಅದು ಲೋಕಲ್ ಗಾಡಿದು. ಈ ಗಾಡಿಗೆ ಟಿಕೆಟ್ಟೇ ಮಾರಿಲ್ಲ. ಟಿಕೆಟ್ ಇಲ್ಲ ಅಂದ್ಮೇಲೆ ಕಾನೂನು ಪ್ರಕಾರ ಇವರು ಪ್ರಯಾಣಿಕರಲ್ಲ. ಸರಕು.”

ಅಬ್ಬಬ್ಬಾ! ಆ ಬೋಗಿಯಲ್ಲಿ ಎದ್ದ ಗಲಾಟೆಯನ್ನು ನಾನು ಬರೆಯಲಾರೆ. ಯಾರನ್ನ ಕಣೋ ಸರಕು ಅಂದೆ, ನಿಮ್ಮಜ್ಜಿ ಸರಕು, ನಿನ್ನ ಕನ್ನಡಕ ಸರಕು! ಕ್ರುಗ್ಲಿಕೋವ್ ಬೆವರಿದನೇ ಹೊರತು ಮಾತು ಬದಲಿಸಲಿಲ್ಲ. ಕಾನೂನು ಅವನ ಕಡೆಗಿತ್ತು.

ವೆನಿಯಮಿನ್ ಮೆಲ್ಲಗೆ ಒಂದು ಮೂಲೆಯಲ್ಲಿ ಕೂತ. ತುಟಿ ಕಚ್ಚಿಕೊಂಡರೂ ಗಲ್ಲ ನಡುಗುತ್ತಿತ್ತು. ಇಷ್ಟು ಹತ್ತಿರ ಬಂದು ಕೈತಪ್ಪಿ ಹೋಗುವುದೆಂದರೆ!

ಎದುರಿಗೆ ಅತ್ತೆ. ಗಲಾಟೆಯಲ್ಲಿ ಬೈದು ಬೈದು ಬಾಯಿ ಒಣಗಿ, ಫ್ಲಾಸ್ಕಿನಿಂದ ಗ್ಲಾಸಿಗೆ ಚಹಾ ಬಗ್ಗಿಸಿಕೊಂಡಿದ್ದಳು, ಅದೂ ಅಂಚಿನ ತನಕ. ಕುಡಿಯಲು ಎತ್ತಿದವಳು ತಡೆದಳು. ಗ್ಲಾಸನ್ನು ಕಿಟಕಿ ಪಕ್ಕದ ಹಲಗೆಯ ಮೇಲಿಟ್ಟು ನೋಡಿದಳು. ಹೊರಗೆ ಜಗತ್ತು ಹುಚ್ಚೆದ್ದು ಓಡುತ್ತಿದೆ, ಒಳಗೆ ಚಹಾ ಒಂದು ಹನಿಯೂ ತುಳುಕುತ್ತಿಲ್ಲ. ಆಮೇಲೆ ಅಳಿಯನ ಮುಖ ನೋಡಿದಳು. ಆ ಗಲ್ಲ ನಡುಗುವುದನ್ನು ನೋಡಿ ಅವಳ ಕರುಳು ಚುರುಕ್ ಎಂದಿತು.

“ಕನ್ನಡಕದಯ್ಯ,” ಎಂದಳು, “ಸರಕಿಗೆ ಯಾರಾದ್ರೂ ಟಿಕೆಟ್ ಇಲ್ಲ ಅಂತ ದಂಡ ಹಾಕ್ತಾರಾ?”

“ಸರಕಿಗ್ಯಾಕೆ ದಂಡ? ದಂಡ ಹಾಕೋದು ಪ್ರಯಾಣಿಕರಿಗೆ.”

“ಹಂಗೆ ಬಾ ದಾರಿಗೆ.” ಪೆಲಗೇಯಾ ಎದ್ದು ನಿಂತು, ತಲೆವಸ್ತ್ರ ಸರಿ ಮಾಡಿಕೊಂಡಳು. “ತೈಸಿಯಾ! ಎಲ್ಲಿದೀಯೇ? ನಂಗೆ ಟಿಕೆಟ್ ಇಲ್ಲ. ಬಾ, ಹಿಡಿ ನನ್ನ.”

ಬೋಗಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಪೆಲಗೇಯಾ ತಾನಾಗಿ ಸಿಕ್ಕಿಬೀಳುವುದೇ! ತೈಸಿಯಾ ದಂಡದ ಪುಸ್ತಕ ಹಿಡಿದು ಎದ್ದಳು, ಆದರೆ ಮುಖ ಅಳುಮೋರೆಯಾಗಿತ್ತು.

“ಹಿಂಗೆ ಬೇಡ, ಪೆಲಗೇಯಾ” ಎಂದಳು. “ಇಷ್ಟು ವರ್ಷ ಆಟ ಆಡಿಸ್ದೆ ನನ್ನ. ಈಗ ಹಣ್ಣು ಕೈಗಿಟ್ಟ ಹಂಗೆ ಕೊಟ್ರೆ ನಂಗೇನು ಮರ್ಯಾದೆ? ಒಂಚೂರು ಓಡು.”

“ಮಂಡಿ ನೋವು ಕಣೇ.”

“ಬಾಗಿಲ ತನಕ ಸಾಕು.”

ಪೆಲಗೇಯಾ ಓಡಿದಳು. ಹೆಂಗಸರು ಡಬ್ಬ ಸರಿಸಿ ದಾರಿ ಬಿಟ್ಟರು. “ಹಿಡಿಯೇ ತೈಸಿಯಾ!” ಎಂದು ಕೆಲವರು, “ಓಡೇ ಪೆಲಗೇಯಾ!” ಎಂದು ಕೆಲವರು ಕೂಗಿದರು. ನಡುವೆ ಒಂದು ಸೀಟಿನಲ್ಲಿ ಬಿದ್ದು ಗೊರಕೆ ಹೊಡೆದಳು, ಎದ್ದು ಕಿವುಡಿಯಾದಳು, ಮತ್ತೆ ಓಡಿದಳು. ಬಾಗಿಲ ಹತ್ತಿರ ತೈಸಿಯಾ ಅವಳ ತೋಳು ಹಿಡಿದಳು. ಹಿಡಿದವಳೇ ಗೊಳೋ ಎಂದು ಅತ್ತಳು. ಅವಳ ಅಳು ನಿಲ್ಲದ್ದರಿಂದ ದಂಡದ ರಸೀದಿಯನ್ನು ಮಿತ್ರೋಫಾನನ ಸಹಾಯಕ ಬರೆದುಕೊಟ್ಟ.

ಪೆಲಗೇಯಾ ಏದುಸಿರು ಬಿಡುತ್ತ ರಸೀದಿಯನ್ನು ಕ್ರುಗ್ಲಿಕೋವ್‌ನ ಮೂಗಿಗೆ ಹಿಡಿದಳು. “ಓದು. ಏನು ಬರೆದಿದೆ?”

ಕ್ರುಗ್ಲಿಕೋವ್ ಓದಿದ. “ಪ್ರಯಾಣಿಕೆ ಪೆಲಗೇಯಾ ಇಗ್ನಾತ್ಯೆವ್ನಾ...” ಅಲ್ಲಿಗೆ ನಿಂತ. ರಸೀದಿ ತಿರುಗಿಸಿ ನೋಡಿದ, ಮತ್ತೆ ಓದಿದ. “ಸರಿ. ಬೋರ್ಡಿನಲ್ಲಿ ಪದ ಇರುತ್ತೆ.”

ವೆನಿಯಮಿನ್ ಎದ್ದು ಬಂದು ಅತ್ತೆಯ ಮುಂದೆ ನಿಂತ. “ಅತ್ತೆ, ನಿಮ್ಮ ಮಾನ...” ಎಂದ.

“ಹೋಯ್ತು ಬಿಡು. ಚಹಾ ಆರ್ತಿದೆ, ದಾರಿ ಬಿಡು” ಎಂದಳು ಅವಳು. ಆದರೆ ದಾಟಿ ಹೋಗುವಾಗ ಅವನ ಬೋಳುತಲೆ ಸವರಿದಳು.

ಮ್ಯೂಸಿಯಂ ಮುಟ್ಟಿದಾಗ ಸಸಿಗಳು ಬಾಡತೊಡಗಿದ್ದವು. ವಾಪಸು ಹೋಗಲು ಸಂಜೆತನಕ ರೈಲಿಲ್ಲ. ಹೆಂಗಸರು ಹಿಂದುಮುಂದು ನೋಡದೆ ಎಂಜಿನ್ ನಿಲ್ಲಿಸಿದ ಜಾಗದ ಸುತ್ತ ನೆಲ ಅಗೆದು ಎಲ್ಲವನ್ನೂ ಅಲ್ಲೇ ನೆಟ್ಟರು. ಕ್ರುಗ್ಲಿಕೋವ್ ಬಕೆಟ್ಟಿನಲ್ಲಿ ನೀರು ಹೊತ್ತ.

ನೆಟ್ಟ ಮೇಲೆ ನೋಡಿಕೊಳ್ಳುವವರು ಬೇಕಲ್ಲ. ಆ ಬೇಸಿಗೆಯೆಲ್ಲ ಪೆಲಗೇಯಾ ಲೋಕಲ್ ರೈಲಿನಲ್ಲಿ ಅಲ್ಲಿಗೆ ಹೋಗಿ ಬಂದಳು. ಬ್ರೆಡ್ಡಿನ ಮೇಲಿಟ್ಟ ಆಣೆ ತಪ್ಪಲಿಲ್ಲ, ಪ್ರತಿ ಸಲ ಟಿಕೆಟ್ ಕೊಂಡಳು, ಪ್ರತಿ ಸಲ ತೈಸಿಯಾ ಅದನ್ನು ನೋಡಿ ನಿಟ್ಟುಸಿರಿಟ್ಟಳು. ಆಗಸ್ಟಿನಲ್ಲಿ ಒಂದು ದಿನ ವೆನಿಯಮಿನ್ ಮ್ಯೂಸಿಯಂಗೆ ಬಂದಾಗ, ಗೇಟಿನಲ್ಲಿ ಟಿಕೆಟ್ ಕೊಂಡು ಒಳಗೆ ಹೋದರೆ, ಅತ್ತೆ ಬೇಲಿಯ ಸಂದಿಯಿಂದ ಬಕೆಟ್ಟಿನ ಸಮೇತ ನುಸುಳುತ್ತಿದ್ದಳು.

“ಅತ್ತೆ! ಆಣೆ?”

“ಆಣೆ ರೈಲಿಗೆ ಇಟ್ಟಿದ್ದು, ಮ್ಯೂಸಿಯಂಗಲ್ಲ.”

ಎಂಜಿನ್ನಿನ ಮೆಟ್ಟಿಲ ಮೇಲೆ ಕೂತು ಅವಳು ಒಂದು ಟೊಮೆಟೊ ಮುರಿದು ಅರ್ಧ ಅವನಿಗೆ ಕೊಟ್ಟಳು. ಯಾರೋ ಗಂಡಹೆಂಡತಿ ಬೋರ್ಡಿನ ಮುಂದೆ ನಿಂತು ಓದುತ್ತಿದ್ದರು.

“ಪ್ರಯಾಣಿಕ ಎಂಜಿನ್ ಅಂತೆ” ಎಂದ ಗಂಡ. “ಯಾವ ಪ್ರಯಾಣಿಕರು ಹೋಗಿರ್ತಾರೋ ಇದ್ರಲ್ಲಿ.”

“ನಾನು ಹೋಗಿದ್ದೆ” ಎಂದಳು ಪೆಲಗೇಯಾ, ಬಾಯಿ ಒರೆಸಿಕೊಂಡು. “ಚಹಾ ತುಳುಕಲಿಲ್ಲ.”