ಮಾವನಿಗೆ ಮಾತಿಲ್ಲ

ಧಾರಾವಾಹಿಯಲ್ಲಿ ಆಕೆ ಗಂಡ ಸತ್ತ ಹಿರಿಸೊಸೆ. ಮನೆಯಲ್ಲಿ ಗಂಡ ಗುಂಡುಕಲ್ಲಿನಂತಿದ್ದ, ಆಕೆಗೆ ನಾಲ್ಕು ತಿಂಗಳಾಗಿತ್ತು. ಸುದ್ದಿ ಕೇಳಿ ನಿರ್ಮಾಪಕ ತಲೆಮೇಲೆ ಕೈಹೊತ್ತು ಕೂತ. ಮಾವನ ಪಾತ್ರ ಮಾಡುತ್ತಿದ್ದವನೂ ಆತನೇ. ಸೆಟ್ಟಿನಲ್ಲಿ ಎಲ್ಲರೂ ಯಜಮಾನ ಎನ್ನುತ್ತಿದ್ದರು.

"ನಿನ್ನ ಗಂಡ ಸತ್ತು ಇನ್ನೂರು ಎಪಿಸೋಡ್ ಆಯ್ತಲ್ಲಮ್ಮ! ಜನಕ್ಕೆ ಏನಂತ ಹೇಳ್ಲಿ?"

ಅಂದಿನಿಂದ ಹೊಟ್ಟೆ ಮುಚ್ಚುವ ಕೆಲಸ ಶುರುವಾಯಿತು. ಒಮ್ಮೆ ಬಟ್ಟೆಯ ಬುಟ್ಟಿ, ಒಮ್ಮೆ ಫ್ರಿಜ್ಜಿನ ಬಾಗಿಲು, ಒಮ್ಮೆ ಸೋಫಾದ ದಿಂಬು. ಒಂದಿಡೀ ವಾರ ಅಡುಗೆಕಟ್ಟೆಯ ಹಿಂದೆ ನಿಂತು ಸೌತೆಕಾಯಿ ಹೆಚ್ಚಿದಳು. ಏಳನೇ ತಿಂಗಳಲ್ಲಿ ಕಾಲು ಊದಿ ಚಪ್ಪಲಿಯೊಳಗೆ ಹೋಗದಾದಾಗ, ಶಾಟ್‌ಗಳ ನಡುವೆ ಕೂರಲು ಕುರ್ಚಿ ಕೇಳಿದಳು.

"ಇದೇನು ಹೆರಿಗೆ ವಾರ್ಡಾ?" ಎಂದ ಯಜಮಾನ, ಎಲ್ಲರೆದುರು. ಲೈಟಿನವರೂ ನಕ್ಕರು.

ಎರಡು ದಿನ ಬಿಟ್ಟು ಬಂದರೆ ಕಾವಲುಗಾರ ಒಳಗೇ ಬಿಡಲಿಲ್ಲ. ಹಿರಿಸೊಸೆಯ ಕಾರು ನದಿಗೆ ಬಿದ್ದಾಗಿತ್ತು. ಬೇರೆ ಯಾರಿಗೋ ಆಕೆಯ ಬಟ್ಟೆ ತೊಡಿಸಿ ಬೆನ್ನ ಹಿಂದಿನಿಂದ ಚಿತ್ರೀಕರಿಸಿದ್ದರು. ಹೆಣ ಮಾತ್ರ ಸಿಕ್ಕಿರಲಿಲ್ಲ.

ಅದನ್ನು ಆಕೆ ಟಿವಿಯಲ್ಲಿ ನೋಡಿದಳು. ಕುರ್ಚಿ ಕೊಡದ ಮನುಷ್ಯ ಮೂರು ಸಂಜೆ ಎದೆ ಬಡಿದುಕೊಂಡು ಅತ್ತ. "ಸೊಸೆಯಲ್ಲ ಕಣ್ರೋ, ನನ್ನ ಮಗಳು!" ಪಕ್ಕದಲ್ಲಿದ್ದ ಅಮ್ಮನ ಕಣ್ಣೂ ಒದ್ದೆಯಾಯಿತು.

"ಧ್ವನಿ ಎಷ್ಟು ಚೆನ್ನಾಗಿದೆ ನೋಡೇ ಅವನದು."

"ಹೂಂ ಅಮ್ಮ, ಚೆನ್ನಾಗಿದೆ," ಎಂದಳು ಆಕೆ, ಹಲ್ಲು ಕಚ್ಚಿ.

ಮಗು ಹುಟ್ಟಿತು. ಹಿರಿಸೊಸೆಯಿಲ್ಲದ ಧಾರಾವಾಹಿಯನ್ನು ಜನ ಮೂಸಿಯೂ ನೋಡಲಿಲ್ಲ. ಅವಳನ್ನು ಕರೆತನ್ನಿ, ಇಲ್ಲವೇ ಅಂಗಡಿ ಮುಚ್ಚಿ ಎಂದಿತು ಚಾನೆಲ್. ಯಜಮಾನ ಹಣ್ಣಿನ ಚೀಲ ಹಿಡಿದು ಬಂದ. ಮಗುವಿಗೆ ಹಾಲು ಕುಡಿಸಿ, ತೇಗಿಸಿ, ಮಲಗಿಸಿದ ಮೇಲಷ್ಟೇ ಆಕೆ ಹೊರಬಂದಳು.

"ಬರ್ತೀನಿ ಸರ್. ಆದ್ರೆ ಸೊಸೆ ಬದುಕಿದಾಳೆ ಅಂತ ಗೊತ್ತಾದ ಕೂಡ್ಲೇ ಮಾವನಿಗೆ ಲಕ್ವ ಹೊಡೀಬೇಕು. ಕೈ ಆಡಬಾರದು, ಮಾತು ಬರಬಾರದು. ನೂರು ಎಪಿಸೋಡ್. ಚಾನೆಲ್‌ನವ್ರು ಬರೆದು ಕೊಡ್ಲಿ."

"ತಮಾಷೆ ಮಾಡ್ತಿದೀಯಾ?"

"ಹಾಲುಣಿಸೋ ತಾಯಿ ಸರ್ ನಾನು, ತಮಾಷೆಗೆಲ್ಲಿ ಪುರುಸೊತ್ತು?"

ಚಾನೆಲ್‌ನವರಿಗೆ ಕಥೆ ಬಲು ಹಿಡಿಸಿತು. ಯಜಮಾನನಿಗೆ ದಾರಿ ಉಳಿಯಲಿಲ್ಲ.

ಮರಳಿದ ದಿನ ಆಕೆ ಚಮಚದಲ್ಲಿ ಗಂಜಿ ಎತ್ತಿ ಮಾವನ ಬಾಯಿಗಿಟ್ಟಳು. ಆತ ನುಂಗಿದ. ಆಕೆ ನಿರ್ದೇಶಕನತ್ತ ತಿರುಗಿದಳು. "ನನ್ನ ಕಣ್ಣಲ್ಲಿ ನೀರು ಸರಿಯಾಗಿ ಬರ್ಲಿಲ್ಲ, ಇನ್ನೊಂದು ಟೇಕ್." ಹಾಗೆ ಹನ್ನೊಂದು ಟೇಕ್. ಗಂಜಿ ತಣ್ಣಗಾಗಿ ಗೋಂದಿನಂತಾಯಿತು. ಗಲ್ಲಕ್ಕೆ ಇಳಿದದ್ದನ್ನು ಒರೆಸಿಕೊಳ್ಳಲು ಮಾವನಿಗೆ ಕೈಯಿರಲಿಲ್ಲ. ಕಣ್ಣುಗಳು ಮಾತ್ರ ಉರಿಯುತ್ತಿದ್ದವು. ಆ ಉರಿಯನ್ನು ಜನ ವಾತ್ಸಲ್ಯವೆಂದುಕೊಂಡರು. ಪತ್ರಗಳು ಬಂದವು: ಮಾವ ಹೀಗೇ ಇರಲಿ.

ಲಕ್ವ ಹೊಡೆದ ಮೇಲಿನ ಅರವತ್ತನೇ ಕಂತಿನ ಹೊತ್ತಿಗೆ ಕಥೆ ಬರೆಯುವ ಹೆಂಗಸಿಗೇ ಕರುಳು ಚುರ್ ಎಂದಿತು. "ಯಜಮಾನ್ರು ಮೂಲೇಲಿ ಕೂತು ಹಳೇ ಡೈಲಾಗ್ ಹೇಳ್ಕೋತಿರ್ತಾರೆ ಕಣೇ. ಒಂದು ಮಾತಾದ್ರೂ ಕೊಡೋಣ್ವಾ?"

ಆಕೆ ಮಗುವನ್ನು ತೊಡೆಯ ಮೇಲೆ ತಟ್ಟುತ್ತ ಯೋಚಿಸಿದಳು. ಒಳಗೆ ಮರುಕಕ್ಕಾಗಿ ಹುಡುಕಿದಳು, ಸಿಗಲಿಲ್ಲ.

"ಕೊಡಿ ಅಕ್ಕಾ. 'ನೀರು' ಅಂತ ಹೇಳ್ಲಿ. ನನಗೆ ಕೇಳಿಸಲ್ಲ ಅಂತ ಬರೀರಿ."