ಎಸ್ಕೇಪ್ ಎರಡು ಸಲ

ನಮ್ಮ ಬ್ಲಡ್ ಬ್ಯಾಂಕಿನ ಕಂಪ್ಯೂಟರಿಗೂ ನನ್ನ ನೌಕರಿಗೂ ಒಂದೇ ವಯಸ್ಸು, ಇಪ್ಪತ್ತೆರಡು ವರ್ಷ. ಕಪ್ಪು ಪರದೆ, ಹಸಿರು ಅಕ್ಷರ, ಮೌಸ್ ಇಲ್ಲ. ಚೀಲದ ನಂಬರು, ರಕ್ತದ ಗುಂಪು ಬರೆದು ಎಸ್ಕೇಪ್ ಕೀ ಎರಡು ಸಲ ಒತ್ತಿದರೆ ಬರೆದದ್ದು ಉಳಿಯುತ್ತದೆ. ಯಾಕೆ ಹಾಗೆ ಅಂತ ಅದನ್ನು ಮಾಡಿದವನಿಗೂ ನೆನಪಿರಲಿಕ್ಕಿಲ್ಲ.

ಅದರ ಆಪರೇಟಿಂಗ್ ಸಿಸ್ಟಮ್ಮನ್ನೇ ಬದಲಿಸಲು ಬಂದವನು ನನ್ನ ಸ್ವಂತ ತಮ್ಮ.

"ಅಕ್ಕಾ, ಪ್ರಪಂಚದಲ್ಲೆಲ್ಲಾ ಎಸ್ಕೇಪ್ ಅಂದ್ರೆ ಬೇಡ ಅಂತ. ನಿಮ್ಮಲ್ಲಿ ಮಾತ್ರ ಬೇಕು ಅಂತ!"

"ಪ್ರಪಂಚ ಬಂದು ಇಲ್ಲಿ ಚೀಲ ಜೋಡಿಸುತ್ತೇನೋ?" ಅಂದೆ.

ಹಳೆಯದೋ ಹೊಸದೋ ಎಂದು ಶುಕ್ರವಾರ ನಾನೇ ಬರೆದುಕೊಡಬೇಕಿತ್ತು. ನಾನು ಹೇಳಿದ್ದಕ್ಕೆ ದೊಡ್ಡ ಡಾಕ್ಟರ ಒಪ್ಪಿಗೆ.

ಸೋಮವಾರ ಹೊಸ ಪರದೆಯಲ್ಲಿ ಮೂವತ್ತು ಚೀಲ ಬರೆದೆ. ಎಸ್ಕೇಪ್ ಒತ್ತಿದಾಗಲೆಲ್ಲ ಖಾಲಿ ಹಾಳೆ ಬರುತ್ತಿತ್ತು. ಹಳೆಯದರಲ್ಲೂ ಹಾಗೇ ತಾನೆ? ಸಂಜೆ ನೋಡಿದರೆ ಒಂದೂ ಉಳಿದಿಲ್ಲ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ನಾನು ಕೂಗಾಡಿದೆ. ತಮ್ಮ ಮೆತ್ತಗಾಗಿ, ಎಸ್ಕೇಪನ್ನು ಮೊದಲಿನಂತೆ ಮಾಡಿಕೊಟ್ಟ. ಗೆದ್ದೆ ಅಂದುಕೊಂಡೆ.

ಬುಧವಾರ, ಹೊಸದಾಗಿ ಸೇರಿದ ಹುಡುಗಿ 'ಬಿ' ಗುಂಪಿನ ಚೀಲಕ್ಕೆ 'ಓ' ಅಂತ ಬರೆದಳು. ತಪ್ಪು ಕಂಡ ಕೂಡಲೇ ಗಾಬರಿಯಲ್ಲಿ ಎಸ್ಕೇಪನ್ನು ಎರಡು ಸಲ ಕುಟ್ಟಿ, ಅಳಿಸಿಹೋಯಿತು ಎಂದುಕೊಂಡು, ಊಟ ಮಾಡಿ ಬಂದು ಸರಿಯಾಗಿ ಬರೆದರಾಯಿತೆಂದು ಎದ್ದು ಹೋದಳು. ಅಷ್ಟರಲ್ಲಿ ಆಪರೇಷನ್ ಥಿಯೇಟರಿನಿಂದ 'ಓ' ಬೇಕೆಂದು ಫೋನು. ಕಂಪ್ಯೂಟರ್ ಅದೇ ಚೀಲ ತೋರಿಸಿತು. ಫ್ರಿಜ್ಜಿನಿಂದ ತೆಗೆದು ಕೊಡುವ ಮುಂಚೆ ಚೀಟಿ ಓದುವುದು ನನ್ನ ಹಳೇ ಚಾಳಿ. ಓದಿದರೆ 'ಬಿ' ಅಂತಿತ್ತು; ಅದನ್ನು ವಾಪಸ್ ಇಟ್ಟು, ಬೇರೆ 'ಓ' ಚೀಲ ಹುಡುಕಿ ಕಳಿಸಿದೆ.

"ಮೇಡಂ, ಎಸ್ಕೇಪ್ ಅಂದ್ರೆ ಎಲ್ಲಾ ಕಡೆ ಬೇಡ ಅಂತಾನೇ ಅಲ್ವಾ?" ಹುಡುಗಿ ಅಳುತ್ತಾ ಕೇಳಿದಳು.

ತಪ್ಪು ಅವಳದೋ, ನನ್ನದೋ, ಅಕ್ಕನ ಮಾತು ಕೇಳಿದ ತಮ್ಮನದೋ? ಅವಳು ಹೇಳುವುದೂ ಸರಿ, ನನ್ನದೂ ಸರಿ. ಎರಡು ದಿನ ತಲೆಬುಡ ತಿಳಿಯಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಶುಕ್ರವಾರ 'ಹೊಸದು' ಎಂದು ಬರೆದು ಸಹಿ ಹಾಕಿದೆ. "ಎಸ್ಕೇಪ್ ಅಂದ್ರೆ ಬೇಡ ಅಂತಾನೇ ಇರ್ಲಿ."

"ಮತ್ತೆ ನೀನು, ಅಕ್ಕಾ?"

"ಬರೆಯೋದು ಆ ಹುಡುಗಿ. ನಾನು ಚೀಲ ಕೊಡ್ತೀನಿ. ಈ ಬೆರಳು ಇನ್ನು ಯಾರ ಮಾತೂ ಕೇಳಲ್ಲ ಕಣೋ."

ಕುರ್ಚಿ ಬಿಟ್ಟೇಳುವಾಗ ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಮೊದಲ ಚೀಲದ ಚೀಟಿ ಓದಿ, ಕೊಟ್ಟು, ಫ್ರಿಜ್ಜಿನ ಬಾಗಿಲು ಮುಚ್ಚಿದೆ. ಎಡಗೈ ಬೆರಳು ತಾನಾಗಿ ಬಾಗಿಲನ್ನು ಎರಡು ಸಲ ಒತ್ತಿತು.